ದೋಣಿ ಯಾವ ದಡಕ್ಕೆ?

“ಬಿ.ಎ. ಓದುವಾಗ ಅರ್ಥಶಾಸ್ತ್ರದ ಕ್ಲಾಸ್ ಅಂದ್ರೆ ನಿದ್ದೆ ಬರುತ್ತಿತ್ತು. ಈಗ ನಿಮ್ಮ ಪತ್ರಿಕೆ ಬಂದರೆ ಮೊದಲು ಓದುವುದೇ ಆ ಅಂಕಣ. ಅದೇ ವಿಷಯ ಈಗ ಯಾಕೆ ಹಿಡಿಸುತ್ತಿದೆ? ಅಥವಾ ನಾನು ಓದುತ್ತಿರುವುದು ಸುಮ್ನೆ ಕಥೆಯಾ?” – ಕಾಸರಗೋಡಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಕಡೆಯ ಬೂತಾಯಿ ಮೀನಿನಿಂದಲೇ ಶುರು ಮಾಡುತ್ತೇನೆ.

1997ರ ಜನವರಿಯ ಒಂದು ಬೆಳಿಗ್ಗೆ ಕೇರಳದ ವಡಕರದ ದಡದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನೆಲ್ಲ ಚೆಲ್ಲಿದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗೇ ಮೀನು ಕೊಳ್ಳಲು ಬಂದ 27 ಜನ ಮೀನು ಸಿಗದೆ ಬರಿಗೈಯಲ್ಲಿ ಹೊರಡುವುದರಲ್ಲಿದ್ದರು. ಇವರಿಗೆ ಅವರ ಸುದ್ದಿ ಗೊತ್ತಿಲ್ಲ, ಅವರಿಗೆ ಇವರದು. ಆಮೇಲೆ ಮೊಬೈಲ್ ಟವರ್ ಬಂತು, ಮೊದಲು ಕೋಳಿಕ್ಕೋಡಿಗೆ, ಆಮೇಲೆ ಕಣ್ಣೂರಿಗೆ, ಕೊನೆಗೆ ನಿಮ್ಮ ಕಾಸರಗೋಡಿಗೆ. ದೋಣಿಯವರು ಸಮುದ್ರದಿಂದಲೇ ಫೋನ್ ಮಾಡಿ ರೇಟು ಕೇಳಿ, ಒಳ್ಳೆ ಬೆಲೆ ಇದ್ದ ದಡಕ್ಕೆ ದೋಣಿ ತಿರುಗಿಸತೊಡಗಿದರು. ಮೀನು ಚೆಲ್ಲುವುದು ನಿಂತೇ ಹೋಯಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು.

‘ಮಾಹಿತಿ ಹರಿದಾಡಿದರೆ ಮಾರುಕಟ್ಟೆಯ ದಕ್ಷತೆ ಹೆಚ್ಚುತ್ತದೆ’ ಅಂತ ನೀವು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಹೇಳುವ ವಿಷಯ ಒಂದೇ. ಆದರೆ ಆ ಸಾಲಿನಲ್ಲಿ ಮನುಷ್ಯರಿಲ್ಲ. ಇಲ್ಲಿ ಒಬ್ಬ ಇದ್ದಾನೆ, ಅವನ ಮೀನು ಹಾಳಾಗುವುದರೊಳಗೆ ಯಾವ ದಡಕ್ಕೆ ಹೋಗಬೇಕು ಅಂತ ತೀರ್ಮಾನಿಸಬೇಕು, ಓದುವ ನಾವೂ ಅವನ ಜೊತೆ ಲೆಕ್ಕ ಹಾಕುತ್ತೇವೆ. ಸಂತೆಯಲ್ಲಿ ಚೌಕಾಸಿ ಮಾಡಿದ ಯಾರಿಗೂ ಈ ಲೆಕ್ಕ ಹೊಸದಲ್ಲ, ಅಲ್ವಾ? ಹಿಡಿಸುವುದು ಅದಕ್ಕೇ ಅಂತ ನನಗನಿಸುತ್ತದೆ.

ಕಥೆಯಾ ಅಂತ ಕೇಳಿದಿರಿ. ಇದನ್ನು 2007ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 15 ದಡಗಳ 300 ದೋಣಿಗಳ ಲೆಕ್ಕವನ್ನು ವರ್ಷಗಟ್ಟಲೆ, ವಾರವಾರ ಬರೆಸಿದ್ದರು. ಅಷ್ಟು ದುಡಿಮೆ ಹಿಂದಿರುವುದನ್ನು ಬರೀ ಕಥೆ ಅನ್ನಲಾರೆ.

ಆದರೆ ನಿಮ್ಮ ಅನುಮಾನವನ್ನು ಬಿಡಬೇಡಿ. ಇಂಥದ್ದನ್ನು ಓದಿದ ಖುಷಿಯಲ್ಲಿ, ಫೋನ್ ಕೊಟ್ಟರೆ ಎಲ್ಲ ರೈತರ ಕಷ್ಟವೂ ತೀರಿತು ಅಂದುಬಿಡುವುದು ಬಹಳ ಸುಲಭ. ಮೀನುಗಾರ ದೋಣಿ ತಿರುಗಿಸಬಲ್ಲ. ಸಾಲ ಕೊಟ್ಟ ದಲ್ಲಾಳಿಗೇ ಮಾಲು ಹಾಕಬೇಕಾದ ರೈತನಿಗೆ ಪಕ್ಕದ ಊರಿನ ರೇಟು ಗೊತ್ತಾಗಿ ಏನು ಮಾಡಿಯಾನು? ಅಂಕಣಕ್ಕೆ ಬರಹ ಬಂದಾಗ ‘ಇದು ಎಲ್ಲಿ ನಡೆಯುವುದಿಲ್ಲ, ಅದನ್ನೂ ಬರೆಯಿರಿ’ ಅಂತ ನಾನು ಲೇಖಕರ ಬೆನ್ನು ಬೀಳುವುದು ಇದಕ್ಕೇ. ಕೆಲವರಿಗೆ ಬೇಜಾರಾಗುತ್ತದೆ, ಆದರೂ ಬಿಡುವುದಿಲ್ಲ.

ಈಗ ನಿಮ್ಮೂರಿನ ದಡದಲ್ಲಿ ರೇಟು ಯಾರು, ಹೇಗೆ ತೀರ್ಮಾನಿಸುತ್ತಾರೆ? ಒಂದು ದಿನ ಬೆಳಿಗ್ಗೆ ಹೋಗಿ ನೋಡಿ ಬರೆಯಿರಿ. ಅದೇ ಅಂಕಣದಲ್ಲಿ ಹಾಕೋಣ.