ಬದಲಿಸಿದ ಎಂಜಿನ್ ಎರಡೇ ತಿಂಗಳಲ್ಲಿ ಕೆಟ್ಟಿದೆ, ಬೆಂಗಳೂರಿನ ಗ್ಯಾರೇಜಿನವರು ಹೊಣೆ ಹೊರುತ್ತಿಲ್ಲ. ಮಂಡ್ಯದಲ್ಲಿರುವ ನಾನು ಏನು ಮಾಡಲಿ?

ಮೊದಲು ಕಾರು ಓಡಿಸುವುದನ್ನು ನಿಲ್ಲಿಸಿ. ಎಂಜಿನ್ ಬಿಚ್ಚಲು ಯಾರಿಗೂ, ಮುಖ್ಯವಾಗಿ ಅದನ್ನು ಕೂರಿಸಿದವರಿಗೆ, ಈಗಲೇ ಒಪ್ಪಿಗೆ ಕೊಡಬೇಡಿ. ಬಿಚ್ಚಿ ಹರಡಿದ ಮೇಲೆ ತಪ್ಪು ಯಾರದೆಂದು ತೋರಿಸುವುದು ಕಷ್ಟ.

ಬದಲಿ ಎಂಜಿನ್ ಬೇಗ ಕೈಕೊಟ್ಟಾಗ ಎಷ್ಟೋ ಸಲ ದೋಷ ಅದರದಲ್ಲ. ಹಳೆಯ ಎಂಜಿನ್ನನ್ನು ಕೊಂದ ರೋಗ ಕಾರಿನಲ್ಲೇ ಉಳಿದಿರುತ್ತದೆ. ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ಆಯಿಲ್ ಕೂಲರಿನಲ್ಲಿ ಸಿಕ್ಕಿಕೊಂಡ ಹಳೆಯ ಲೋಹದ ಚೂರು. ಇವನ್ನು ನೋಡದೆ ಎಂಜಿನ್ ಕೂರಿಸಿದ್ದರೆ ಅದು ಗ್ಯಾರೇಜಿನ ಕೆಲಸದ ಲೋಪವೇ. ಬೇರೊಬ್ಬ ಮೆಕ್ಯಾನಿಕ್ ಬಳಿ ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿಸಿ, ಪ್ರತಿ ಹಂತದ ಫೋಟೋ ತೆಗೆಯಿರಿ. ಫಿಲ್ಟರ್ ಕಾಗದದ ಮಡಿಕೆಗಳಲ್ಲಿ ಲೋಹದ ಚೂರು ಮಿನುಗಿದರೆ ಬೇರಿಂಗ್ ಸವೆದಿರುವ ಸಂಶಯ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಕೂಲೆಂಟ್ ಸೇರಿರಬಹುದು. ವರದಿಯನ್ನು ಸಹಿಯೊಂದಿಗೆ ಬರೆಸಿಕೊಳ್ಳಿ.

ನಂತರ ಗ್ಯಾರೇಜಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳುಹಿಸಿ, ಹದಿನೈದು ದಿನ ಕೊಡಿ. ಫೋನಿನ ಜಗಳಕ್ಕೆ ಸಾಕ್ಷಿಯಿಲ್ಲ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ದೂರು ಕೊಡಲು ಅವಧಿ 2 ವರ್ಷ. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು.

ತೆರಿಗೆ ಉಳಿಸಲು ಬಿಲ್ ಬೇಡವೆಂದಿದ್ದಿರಾ? ಹಾಗಿದ್ದರೆ ಹಣ ಕಳುಹಿಸಿದ ದಾಖಲೆ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಜೋಪಾನ ಮಾಡಿ. ಹೊಸ ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಿ.