ಜೇಮಿಯ ತಪ್ಪು ಯಾರದು?

‘ಅಡೋಲೆಸೆನ್ಸ್’ (2025ರ ಬ್ರಿಟಿಷ್ ಸರಣಿ) ಕೊನೆಗೆ ಎಲ್ಲವನ್ನೂ ಅಪ್ಪ ಅಮ್ಮನ ತಲೆಗೆ ಕಟ್ಟಿ, ಕೇಟಿ ಎಂಬ ಹುಡುಗಿಯನ್ನು ಕೊಲೆ ಮಾಡಿದ ಹುಡುಗ ಜೇಮಿಯನ್ನು ಪಾರು ಮಾಡಿತಲ್ಲ ಎಂದು ಕೇಳಿದ್ದೀರಿ. ನನಗೆ ಹಾಗೆ ಅನ್ನಿಸಲಿಲ್ಲ.

ನಾಲ್ಕನೇ ಕಂತಿನ ಆ ಫೋನ್ ಕರೆಯನ್ನು ಇನ್ನೊಮ್ಮೆ ನೋಡಿ. ಅವತ್ತು ಅಪ್ಪ ಎಡ್ಡಿಯ 50ನೇ ಹುಟ್ಟುಹಬ್ಬ. ಹೆಂಡತಿ, ಮಗಳ ಜೊತೆ ವ್ಯಾನಿನಲ್ಲಿದ್ದಾನೆ. ಜೇಮಿ ಶುಭಾಶಯ ಹೇಳುತ್ತಾನೆ. ಆಮೇಲೆ, ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ ಅನ್ನುತ್ತಾನೆ. ಮೊದಲ ಕಂತಿನಲ್ಲಿ ತಾನೇನೂ ಮಾಡಿಲ್ಲ ಎಂದು ಅಳುತ್ತಿದ್ದ 13 ವರ್ಷದ ಹುಡುಗ ಇವನೇ ಅಲ್ವಾ? ಈ ಮಾತನ್ನು ಅಪ್ಪ ಹೇಳಿಕೊಟ್ಟಿಲ್ಲ. ಕೇಳಿ ಅಪ್ಪನಿಗೆ ಮಾತೇ ಹೊರಡುವುದಿಲ್ಲ. ಹುಡುಗನ ಹೊಣೆ ಇರುವುದು ಅಲ್ಲಿ.

ಇನ್ನು ಎಡ್ಡಿ. ಅವನ ಅಪ್ಪ ಬೆಲ್ಟಿನಿಂದ ಬಾರಿಸುತ್ತಿದ್ದ. ತನ್ನ ಮಕ್ಕಳಿಗೆ ಹಾಗೆ ಮಾಡಬಾರದು ಅಂದುಕೊಂಡ, ಮಾಡಲೂ ಇಲ್ಲ. ಆದರೂ ಫುಟ್‌ಬಾಲ್ ಆಡಲು ಬಾರದ ಮಗನನ್ನು ನೋಡಿ ಬೇರೆ ಅಪ್ಪಂದಿರು ನಕ್ಕಾಗ ಮುಖ ತಿರುಗಿಸಿದ. ಮಗ ಅದನ್ನು ಮರೆಯಲಿಲ್ಲ. ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಇದ್ದಾನೆ, ಏನೂ ಆಗಲ್ಲ ಎಂದು ಸುಮ್ನೆ ಇದ್ದರು. ಇದರಿಂದಲೇ ಕೊಲೆ ಆಯಿತು ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಅದೇ ಮನೆಯಲ್ಲಿ ಬೆಳೆದ ಲೀಸಾ ಎಷ್ಟು ಒಳ್ಳೆಯ ಹುಡುಗಿ! ಅವಳನ್ನೂ ಹೀಗೇ ಬೆಳೆಸಿದೆವಲ್ಲ ಎಂದು ಅಪ್ಪ ಅಮ್ಮನೇ ಮಾತಾಡಿಕೊಳ್ಳುತ್ತಾರೆ. ಅವರ ಪಶ್ಚಾತ್ತಾಪ ಅವರದು, ಮಗನ ಅಪರಾಧ ಮಗನದು. ಎರಡನ್ನೂ ಒಟ್ಟಿಗೆ ಹಿಡಿದಿರುವುದೇ ನನಗೆ ತುಂಬಾ ಇಷ್ಟವಾದದ್ದು.

ನನ್ನ ದೂರು ಬೇರೆ. ಸತ್ತ ಹುಡುಗಿ ಕೇಟಿಗೆ ಇಲ್ಲಿ ಜಾಗ ತೀರಾ ಕಡಿಮೆ. ಎರಡನೇ ಕಂತಿನಲ್ಲಿ ಪೊಲೀಸ್ ಅಧಿಕಾರಿ ಮಿಶಾ ಕೂಡ ಇಂಥದ್ದೇ ಬೇಸರ ಹೇಳಿಕೊಳ್ಳುತ್ತಾಳೆ, ಆದರೆ ಕಥೆ ಅಲ್ಲಿಂದ ಮತ್ತೆ ಜೇಮಿಯ ಕಡೆಗೇ ಹೋಗುತ್ತದೆ.