ನಿಟ್ಟಿನ ಬುಡದ ಚೀಲ ಎಳೆಯಬೇಡಿ: ಗೋದಾಮು, ಕಾರ್ಖಾನೆ ಸುರಕ್ಷತೆ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ವಿಜಯಪುರ, ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬಂದ ನಾಲ್ಕು ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ನಾಲ್ವರೂ ಕೇಳಿಕೊಂಡಿದ್ದಾರೆ.

ಪ್ರಶ್ನೆ: ನಾನು ವಿಜಯಪುರದ ಒಂದು ಗೋದಾಮಿನ ಉಸ್ತುವಾರಿ. ಮೆಕ್ಕೆಜೋಳ, ಕಡಲೆ ಬರುತ್ತದೆ. ಚೀಲದ ನಿಟ್ಟು (ಒಂದರ ಮೇಲೊಂದು ಒಟ್ಟಿದ ರಾಶಿ) ಕೆಲವೊಮ್ಮೆ 20 ಸಾಲಿನವರೆಗೆ ಹೋಗುತ್ತದೆ. ಮೊನ್ನೆ ಒಂದು ನಿಟ್ಟು ವಾಲಿ ಬಿತ್ತು. ಹಮಾಲರು ಊಟಕ್ಕೆ ಹೋಗಿದ್ದರು, ಬಚಾವಾದರು. "ಹುಷಾರಾಗಿ ಕೆಲಸ ಮಾಡ್ರಪ್ಪ" ಅಂತ ದಿನಾ ಹೇಳುತ್ತೇನೆ. ಇನ್ನೇನು ಮಾಡಬೇಕು?

ಹೇಳುವುದನ್ನು ಬಿಡಬೇಡಿ. ಆದರೆ ಅದನ್ನೇ ನಂಬಿ ಕೂರಬೇಡಿ. ವಾಲಿದ ನಿಟ್ಟು ಹುಷಾರಾಗಿರುವವನ ಮೇಲೂ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. 50 ಕಿಲೋ ಚೀಲ, 20 ಸಾಲು. ಬುಡದ ಒಂದೊಂದು ಚೀಲದ ಮೇಲೂ 950 ಕಿಲೋ ಕೂತಿದೆ. ಆ ಚೀಲ ಹಸಿಯಾಗಿದ್ದರೆ, ಇಲಿ ಕಡಿದು ಕಾಳು ಸೋರಿದ್ದರೆ, ಅಥವಾ ಯಾರೋ ಕೊಕ್ಕೆ ಹಾಕಿ ಹರಿದಿದ್ದರೆ ಬುಡ ಒಂದು ಕಡೆ ಕುಸಿಯುತ್ತದೆ. ಬುಡ ಎರಡು ಇಂಚು ಕುಸಿದರೆ ತುದಿ ಎಷ್ಟು ವಾಲುತ್ತದೆ ಅಂತ ನಿಮಗೇ ಗೊತ್ತು. ಅದಕ್ಕೇ ಮೊದಲು ನೆಲ ನೋಡಿ. ಬರೀ ನೆಲದ ಮೇಲೆ ಚೀಲ ಇಡಬೇಡಿ, ಮರದ ಹಲಗೆ ಚೌಕಟ್ಟು ಹಾಕಿ. ಮೆಕ್ಕೆಜೋಳದ ತೇವ ಶೇ 14 ದಾಟಿದ್ದರೆ ಅದನ್ನು ನಿಟ್ಟಿಗೆ ಹಾಕಲೇಬೇಡಿ, ಒಣಗಿಸಲು ಕಳಿಸಿ.

ಎರಡನೆಯದು ಚೀಲ. ಗೋಣಿಚೀಲ ಒಂದಕ್ಕೊಂದು ಕಚ್ಚಿ ಕೂರುತ್ತದೆ. ಪ್ಲಾಸ್ಟಿಕ್ ಚೀಲ ಜಾರುತ್ತದೆ. ಎರಡಕ್ಕೂ ಒಂದೇ ಎತ್ತರ ಇಟ್ಟರೆ ಹೇಗೆ? ನಾನಾದರೆ ಪ್ಲಾಸ್ಟಿಕ್ ಚೀಲವನ್ನು 12 ಸಾಲು ಮೀರಿಸುವುದಿಲ್ಲ. ಒಂದು ಸಾಲು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಹಾಕಿ. ಮೇಲೆ ಹೋದಂತೆ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪ ಒಳಕ್ಕೆ ತನ್ನಿ. ಗೋಡೆಗೆ ಒರಗಿಸಬೇಡಿ. ಗೋಡೆ ಕಟ್ಟಿದ್ದು ಚಾವಣಿ ಹೊರಲು, ಪಕ್ಕದಿಂದ ದಬ್ಬುವ ಚೀಲ ತಡೆಯಲು ಅಲ್ಲ. ಗೋಡೆಗೂ ನಿಟ್ಟಿಗೂ ಎರಡು, ಎರಡೂವರೆ ಅಡಿ ಜಾಗ ಬಿಟ್ಟರೆ ಓಡಾಡಿ ನೋಡಲೂ ಆಗುತ್ತದೆ.

ನಾನು ನೋಡಿದಂತೆ ಹೆಚ್ಚಿನ ನಿಟ್ಟು ಬೀಳುವುದು ಒಟ್ಟುವಾಗ ಅಲ್ಲ, ಇಳಿಸುವಾಗ. ಲಾರಿ ಕಾಯುತ್ತಿರುತ್ತದೆ, ಮೇಲೆ ಹತ್ತಲು ಬೇಜಾರು, ಕೈಗೆ ಸಿಗುವ ಎತ್ತರದ ಚೀಲ ಎಳೆಯುತ್ತಾರೆ. ಮುಂದಿನ ಸಾಲು ಕರಗಿ ಹಿಂದಿನದು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಒಂದು ಧಕ್ಕೆ ಸಾಕು. ಇದಕ್ಕೆ ನೀವು ಒಂದೇ ನಿಯಮ ಮಾಡಿ: ಯಾವಾಗಲೂ ತುದಿಯಿಂದ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ನಿಯಮ ನಡೆಯಬೇಕಾದರೆ ಗಟ್ಟಿ ಏಣಿ ಕೊಡಿ. ಹಮಾಲಿ ಲೆಕ್ಕ ಚೀಲಕ್ಕೆ ಇಷ್ಟು ಅಂತ ಇದ್ದರೆ, ಎತ್ತರದ ನಿಟ್ಟಿಗೆ ದರ ಸ್ವಲ್ಪ ಜಾಸ್ತಿ ಮಾಡಿ. ಸುಮ್ನೆ ಬೈದರೆ ಯಾರೂ ಮೇಲೆ ಹತ್ತುವುದಿಲ್ಲ. ವಾಲಿದ ನಿಟ್ಟು ಕಂಡರೆ ಹಗ್ಗ ಕಟ್ಟಿ ಆ ದಾರಿ ಬಂದ್ ಮಾಡಿ. ಕೆಳಗೆ ನಿಂತು ಕೋಲು ಕೊಟ್ಟು ಆನಿಸುವ ಸಾಹಸ ಬೇಡ.

ನಿಮ್ಮ ಊರಿನವರಿಗೆ ಇದನ್ನು ನೆನಪಿಸಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕ ಕುಸಿದು ಬಿಹಾರದಿಂದ ಬಂದಿದ್ದ 7 ಕಾರ್ಮಿಕರು ಕಾಳಿನಡಿ ಸಿಕ್ಕು ಸತ್ತರು. ಬಿಡಿ ಕಾಳು ಚೀಲಕ್ಕಿಂತ ಅಪಾಯ. ಕಾಳು ಹರಿಯುತ್ತಿರುವಾಗ ಹಾಪರ್ (ಕಾಳು ತುಂಬಿ ಕೆಳಗಿನಿಂದ ಬಿಡುವ ದೊಡ್ಡ ತೊಟ್ಟಿ) ಒಳಗೆ ಇಳಿದವನು ನೋಡನೋಡುತ್ತಲೇ ಸೊಂಟದವರೆಗೆ ಹೂತುಹೋಗುತ್ತಾನೆ. ಆಮೇಲೆ ಅವನನ್ನು ಹಗ್ಗ ಕಟ್ಟಿ ಜಗ್ಗಬೇಡಿ. ಕಾಳಿನ ಹಿಡಿತ ಅಷ್ಟು ಬಿಗಿ ಇರುತ್ತದೆ, ಬೆನ್ನು ಮುರಿಯುತ್ತದೆ. ಮೊದಲು ಯಂತ್ರ ನಿಲ್ಲಿಸಿ. ಅವನ ಸುತ್ತ ಹಲಗೆ ಅಥವಾ ತಗಡು ನಿಲ್ಲಿಸಿ, ಆ ಬೇಲಿಯೊಳಗಿನ ಕಾಳನ್ನು ಮೊಗೆದು ತೆಗೆಯಿರಿ.

ನೀವು ಕೇಳದ ಇನ್ನೊಂದು ಮಾತು. ಹುಳಕ್ಕೆ ಗುಳಿಗೆ ಇಡುತ್ತೀರಲ್ವಾ? ಅಲ್ಯೂಮಿನಿಯಂ ಫಾಸ್ಫೈಡ್. ಮೂರು ಗ್ರಾಮಿನ ಒಂದು ಗುಳಿಗೆ ಒಂದು ಗ್ರಾಮ್ ಫಾಸ್ಫೀನ್ ವಿಷಾನಿಲ ಬಿಡುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ ಅಂತಾರೆ, ಆದರೆ ವಾಸನೆ ಬಂದಿಲ್ಲ ಅಂದರೆ ಅನಿಲ ಇಲ್ಲ ಅಂತ ಅಲ್ಲ. ಗುಳಿಗೆ ಇಟ್ಟ ಗೋದಾಮಿಗೆ ಬೀಗ ಹಾಕಿ, ಬಾಗಿಲಿಗೆ ದೊಡ್ಡದಾಗಿ ಬರೆಯಿರಿ, ಹಿಂದಿಯಲ್ಲೂ ಬರೆಯಿರಿ. ಪರ ಊರಿನ ಕಾರ್ಮಿಕರು ಗೋದಾಮಿನಲ್ಲೇ ಅಥವಾ ಅದಕ್ಕೆ ಹೊಂದಿಕೊಂಡ ಕೋಣೆಯಲ್ಲಿ ಮಲಗುವುದನ್ನು ಇವತ್ತೇ ನಿಲ್ಲಿಸಿ. ಉಳಿದ ಪುಡಿಗೆ ಬಕೆಟ್ ನೀರು ಸುರಿಯಬೇಡಿ, ಅನಿಲ ಒಮ್ಮೆಲೇ ಎದ್ದು ಬೆಂಕಿ ಹೊತ್ತಬಹುದು.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಪ್ರೆಸ್ (ಲೋಹದ ಪೀಸ್ ಒತ್ತುವ ಯಂತ್ರ) ಆಪರೇಟರ್. ಯಂತ್ರಕ್ಕೆ ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಕವಚ) ಇತ್ತು, ಕೆಲಸ ನಿಧಾನ ಆಗುತ್ತದೆ ಅಂತ ತೆಗೆದಿಟ್ಟಿದ್ದಾರೆ. ಪೀಸ್ ಲೆಕ್ಕದ ಸಂಬಳ. ನಮ್ಮಲ್ಲಿ ಎಂಟೇ ಜನ ಇರುವುದರಿಂದ ಕಾಯಿದೆ ಅನ್ವಯಿಸುವುದಿಲ್ಲ ಎನ್ನುತ್ತಾರೆ ಮಾಲೀಕರು. ನಿಜವಾ?

ಅರ್ಧ ನಿಜ. ಕಾರ್ಖಾನೆಗಳ ಸುರಕ್ಷತಾ ಕಾನೂನಿಗೆ ಕನಿಷ್ಠ ಇಷ್ಟು ಕಾರ್ಮಿಕರು ಇರಬೇಕು ಎಂಬ ಮಿತಿ ಇದೆ. ಆದರೆ ಕೆಲಸದಲ್ಲಿ ಬೆರಳು ಹೋದರೆ ಪರಿಹಾರ ಕೊಡುವ ಹೊಣೆ ಎಂಟು ಜನ ಇದ್ದರೂ ತಪ್ಪುವುದಿಲ್ಲ. ಪರಿಹಾರದ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ 30, ಪೂರ್ತಿ ತೋರುಬೆರಳಿಗೆ ಶೇ 14 ಅಂತ ದುಡಿಯುವ ಶಕ್ತಿಯ ನಷ್ಟ ಬರೆದೇ ಇಟ್ಟಿದ್ದಾರೆ. ಗಾರ್ಡ್ ತೆಗೆದು ಉಳಿಸಿದ ಸಮಯವನ್ನು ಇದರ ಜೊತೆ ತೂಗಿ ನೋಡಿ ಅಂತ ನಿಮ್ಮ ಮಾಲೀಕರಿಗೆ ಹೇಳಿ. ಜಗಳ ಮಾಡಬೇಡಿ, ಲೆಕ್ಕ ತೋರಿಸಿ. ವ್ಯಾಪಾರಸ್ಥರಿಗೆ ಲೆಕ್ಕ ಬೇಗ ಅರ್ಥ ಆಗುತ್ತದೆ.

ಹಳೆ ಪ್ರೆಸ್‌ಗಳಲ್ಲಿ ಒಂದು ಕೆಟ್ಟ ಗುಣ ಇದೆ. ಕ್ಲಚ್‌ನ ಕೀ ಸವೆದರೆ, ಸ್ಪ್ರಿಂಗ್ ಮುರಿದರೆ, ಪೆಡಲ್ ಒಂದು ಸಲ ಒತ್ತಿದರೂ ಯಂತ್ರ ಎರಡು ಸಲ ಹೊಡೆಯುತ್ತದೆ. ಮೊದಲ ಹೊಡೆತ ಆಯಿತು ಅಂತ ನೀವು ಕೈ ಹಾಕಿರುತ್ತೀರಿ. ಎಷ್ಟೇ ಅನುಭವ ಇದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಡೈ (ಪೀಸ್‌ಗೆ ಆಕಾರ ಕೊಡುವ ಅಚ್ಚು) ಒಳಗೆ ಕೈ ಹೋಗದಂಥ ಗಟ್ಟಿ ಗಾರ್ಡ್ ಒಂದೇ ಇದಕ್ಕೆ ಸರಿಯಾದ ಉತ್ತರ. ಎರಡು ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ನಡೆಯುವ ವ್ಯವಸ್ಥೆ ಒಳ್ಳೆಯದೇ, ಆದರೆ ಈ ಎರಡನೇ ಹೊಡೆತವನ್ನು ಅದು ತಡೆಯುವುದಿಲ್ಲ. ಇಕ್ಕಳ ಅಥವಾ ಅಯಸ್ಕಾಂತದ ಕೋಲಿನಿಂದ ಪೀಸ್ ಇಡಿ. ಪೆಡಲ್ ಮೇಲೆ ತಗಡಿನ ಮುಚ್ಚಳ ಹಾಕಿಸಿ, ಬಿದ್ದ ಪೀಸ್ ಬಡಿದು ಯಂತ್ರ ಚಾಲೂ ಆಗಬಾರದು.

ಬೆರಳು ತುಂಡಾದರೆ: ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿಯಿರಿ. ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಡಿ. ನೇರ ಐಸ್ ಮೇಲೆ ಇಟ್ಟರೆ ಜೋಡಿಸಲು ಆಗದ ಹಾಗೆ ಕೆಡುತ್ತದೆ.

ಪ್ರಶ್ನೆ: ತಿಕೋಟಾ ಕಡೆ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ರಾತ್ರಿ ಪಾಳಿ. ತಂಪು ಮಾಡಲು ಬಳಸುವ ಅಮೋನಿಯಾ ವಾಸನೆ ಆಗಾಗ ಬರುತ್ತದೆ. ಕರವಸ್ತ್ರ ಕಟ್ಟಿಕೊಂಡು ವಾಲ್ವ್ ಬಿಗಿ ಮಾಡುತ್ತೇವೆ. ಇದು ಸರಿಯಾ?

ಸರಿಯಲ್ಲ. ಸಣ್ಣ ವಾಸನೆಯೂ ಸೋರಿಕೆಯೇ. ಎಂಟು ತಾಸಿನ ಕೆಲಸಕ್ಕೆ ಒಪ್ಪಿತ ಮಿತಿ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 25 ಭಾಗ. 300 ಭಾಗ ಮುಟ್ಟಿದರೆ ಜೀವಕ್ಕೇ ಅಪಾಯ. ಕಣ್ಣು ಉರಿದು ನೀರು ಸುರಿಯುತ್ತಿದ್ದರೆ ಅದು ರಿಪೇರಿ ಮಾಡುವ ಹೊತ್ತಲ್ಲ, ಹೊರಗೆ ಓಡುವ ಹೊತ್ತು. ಗಾಳಿ ಬರುವ ದಿಕ್ಕಿಗೆ ಓಡಿ. ಕತ್ತಲಲ್ಲಿ ದಿಕ್ಕು ಗೊತ್ತಾಗಲು ಚಾವಣಿ ಮೇಲೆ ಬಟ್ಟೆಯ ಬಾವುಟ ಕಟ್ಟಿ, ಅದಕ್ಕೊಂದು ದೀಪ ಹಾಕಿ. ಓಡುವಾಗ ಒದ್ದೆ ಬಟ್ಟೆ ಮುಖಕ್ಕೆ ಹಿಡಿದರೆ ಸ್ವಲ್ಪ ಅನುಕೂಲ, ಏಕೆಂದರೆ ಅಮೋನಿಯಾ ನೀರಿನಲ್ಲಿ ಕರಗುತ್ತದೆ. ಆದರೆ ಅದು ಹೊರಗೆ ಬರಲು, ಒಳಗೆ ಹೋಗಲು ಅಲ್ಲ. ಒಳಗೆ ಹೋಗುವವನಿಗೆ ಬೆನ್ನಿಗೆ ಗಾಳಿ ಸಿಲಿಂಡರ್ ಇರುವ ಉಸಿರಾಟದ ಸಾಧನ ಬೇಕು, ಹೊರಗೆ ಇನ್ನೊಬ್ಬ ಕಾಯುತ್ತಿರಬೇಕು.

ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಬಿಡುತ್ತಲೇ ಇರಿ. ನೆಲದ ಮೇಲೆ ನಿಂತ ದ್ರವ ಅಮೋನಿಯಾಗೆ ಮಾತ್ರ ನೀರು ಹೊಡೆಯಬೇಡಿ, ಕುದಿದು ಇನ್ನಷ್ಟು ಅನಿಲ ಏಳುತ್ತದೆ.

ಮಾಲೀಕರನ್ನು ಒಂದು ವಿಷಯ ಕೇಳಿ: ಕಂಪ್ರೆಸರ್ ಎಣ್ಣೆ ಇಳಿಸುವ ಜಾಗದಲ್ಲಿ ಕೈ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಇದೆಯಾ? ಅಮೋನಿಯಾ ಘಟಕಗಳಲ್ಲಿ ಆಗುವ ಅನಾಹುತಗಳಲ್ಲಿ ಎಣ್ಣೆ ಇಳಿಸುವಾಗ ಆದವು ಬಹಳ. ಎಣ್ಣೆ ಮುಗಿದು ಅಮೋನಿಯಾ ನುಗ್ಗಿದಾಗ ಮಾಮೂಲಿ ವಾಲ್ವ್ ತಿರುಗಿಸುತ್ತ ನಿಲ್ಲಲು ಯಾರಿಂದಲೂ ಆಗುವುದಿಲ್ಲ. ಹಾಗೆಯೇ ತಂಪು ಕೋಣೆಯ ಬಾಗಿಲು ಒಳಗಿನಿಂದ ತೆರೆಯುತ್ತದಾ ಅಂತ ಇವತ್ತು ರಾತ್ರಿಯೇ ನೋಡಿ.

ಪ್ರಶ್ನೆ: ನನ್ನ ತಮ್ಮ ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡುತ್ತಾನೆ. ನಿಂತ ಕನ್ವೇಯರ್ (ಸರಕು ಸಾಗಿಸುವ ಯಂತ್ರ) ಸ್ವಚ್ಛ ಮಾಡುವಾಗ ಯಾರೋ ಚಾಲೂ ಮಾಡಿದರು. ಕೈ ಮುರಿದಿದೆ. ಇಎಸ್ಐ (ಕಾರ್ಮಿಕರ ಸರ್ಕಾರಿ ವಿಮೆ) ಇಲ್ಲ. ಕಾರ್ಖಾನೆಯವರು ಗುತ್ತಿಗೆದಾರನನ್ನು ತೋರಿಸುತ್ತಾರೆ, ಅವನು ಫೋನ್ ಎತ್ತುವುದಿಲ್ಲ.

ಬರೀ ಸಕ್ಕರೆ ಮಾಡುವ ಕಾರ್ಖಾನೆಯನ್ನು ಕಾನೂನು ಹಂಗಾಮಿನಲ್ಲಿ ಮಾತ್ರ ನಡೆಯುವ ಕಾರ್ಖಾನೆ ಎಂದು ಇಎಸ್ಐನಿಂದ ಹೊರಗಿಟ್ಟಿದೆ. ಡಿಸ್ಟಿಲರಿಯೂ ಇದ್ದರೆ ಲೆಕ್ಕ ಬದಲಾಗಬಹುದು, ವಿಚಾರಿಸಿ. ಇಎಸ್ಐ ಇಲ್ಲದಿದ್ದರೆ ಪರಿಹಾರ ಕೊಡಬೇಕಾದವರು ಮಾಲೀಕರು. ಗುತ್ತಿಗೆದಾರ ಓಡಿಹೋದರೂ ಕಾರ್ಖಾನೆಯವರಿಂದ ಕೇಳಬಹುದು. ಅವರು ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಇದು 1923ರ ನೌಕರರ ಪರಿಹಾರ ಕಾಯಿದೆಯಲ್ಲೂ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಕಾರ್ಮಿಕ ಇಲಾಖೆಯ ಕಚೇರಿಗೆ ಬೇಗ ಹೋಗಿ, ಎರಡು ವರ್ಷ ದಾಟಲು ಬಿಡಬೇಡಿ.

ಈ ಅಪಘಾತ ತಪ್ಪಿಸಲು ಬೇಕಿದ್ದದ್ದು ಒಂದು ಬೀಗ. ಸ್ವಚ್ಛ ಮಾಡುವವನು ಸ್ವಿಚ್ ಇಳಿಸಿ ತನ್ನದೇ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಯಂತ್ರ ಮುಟ್ಟಬೇಕು. "ಕೆಲಸ ನಡೆದಿದೆ" ಅಂತ ಬೋರ್ಡ್ ಮಾತ್ರ ತೂಗುಹಾಕಿದರೆ ಸಾಲದು. ನಿಮ್ಮ ತಮ್ಮನ ಜೊತೆಯವರು ಇದನ್ನು ಈಗಲಾದರೂ ಕೇಳಲಿ.

ಈಗ ಕಾಗದ ಕೂಡಿಸಿ. ಗೇಟ್ ಪಾಸ್, ಹಾಜರಿಯ ಫೋಟೊ, ಸಂಬಳ ಬಂದ ಬ್ಯಾಂಕ್ ಲೆಕ್ಕ, ಜೊತೆಗಿದ್ದ ಇಬ್ಬರ ಹೆಸರು. ಎಲ್ಲಕ್ಕಿಂತ ಮುಖ್ಯ ಆಸ್ಪತ್ರೆಯ ಎಂಎಲ್‌ಸಿ, ಅಂದರೆ ಗಾಯ ಹೇಗಾಯಿತು ಅಂತ ಪೊಲೀಸರಿಗಾಗಿ ಬರೆಯುವ ದಾಖಲೆ. "ಮನೆಯಲ್ಲಿ ಬಿದ್ದೆ ಅಂತ ಬರೆಸು, ಖರ್ಚು ನಾವು ನೋಡಿಕೊಳ್ಳುತ್ತೇವೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಈಗಾಗಲೇ ಹಾಗೆ ಬರೆಸಿದ್ದರೆ, ನಿಜವಾಗಿ ಏನಾಯಿತು ಅಂತ ಇವತ್ತೇ ಪೊಲೀಸ್ ಠಾಣೆಗೂ ಆಸ್ಪತ್ರೆಗೂ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.